ಅಣುಸ್ಥಾವರದ ರಿಪೇರಿ ಕಡತವನ್ನು ಓದುವುದು ಹೇಗೆ

ಸಕಲೇಶಪುರದ ಬಳಿ ನನ್ನ ಪರಿಚಯದವರೊಬ್ಬರು, ಹೂಮಳೆ ಕೈಕೊಟ್ಟ ವರ್ಷ, ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸಲೆಂದು ಕೆರೆಯ ದಡದ ಹಳೆಯ ಪಂಪ್‌ಸೆಟ್ಟನ್ನು ತೆಗೆಸಿ ಹೊಸದನ್ನು ಕೂರಿಸಿದರು. ‘ಅದೇ ಎಚ್‌ಪಿ, ಅದೇ ಜಾಗ, ಅದೇ ಪೈಪು’ ಎಂದು ಮೆಕ್ಯಾನಿಕ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೊಸ ಪಂಪಿನ ಒತ್ತಡ ಹಳೆಯದಕ್ಕಿಂತ ಹೆಚ್ಚಿತ್ತು, ಮೂರನೆಯ ದಿನವೇ ಇಳಿಜಾರಿನ ಬುಡದಲ್ಲಿದ್ದ ಹಳೆಯ ಜೋಡಣೆಯೊಂದು ಬಿರಿದು ನೀರೆಲ್ಲ ಕಾಡಿನ ಪಾಲಾಯಿತು. ಕೆಟ್ಟದ್ದು ಹೊಸ ಪಂಪಲ್ಲ, ಯಾರೂ ಮುಟ್ಟದೆ ಬಿಟ್ಟಿದ್ದ ಪೈಪು. ಅಣುವಿದ್ಯುತ್ ಸ್ಥಾವರದ ದೊಡ್ಡ ರಿಪೇರಿಗಳ ಸುರಕ್ಷತಾ ಪರಿಶೀಲನೆಯಲ್ಲಿ ನಡೆಯುವ ಮುಖ್ಯ ವಾದವೂ ಇದೇ: ಇದು ಇದ್ದದ್ದನ್ನು ಇದ್ದಂತೆ ಮಾಡುವ ರಿಪೇರಿಯೋ, ರಿಪೇರಿಯ ಹೆಸರಿನ ಬದಲಾವಣೆಯೋ?

ಹಾಸನದಲ್ಲಿಯಾಗಲಿ ಚಿಕ್ಕಮಗಳೂರಿನಲ್ಲಿಯಾಗಲಿ ಅಣುಸ್ಥಾವರವಿಲ್ಲ. ನಮ್ಮ ರಾಜ್ಯದ ಸ್ಥಾವರವಿರುವುದು ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಪಕ್ಕದಲ್ಲಿ. ಅಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಭಾರಜಲ ಘಟಕಗಳಿವೆ. ಆದರೂ ಆ ವಿದ್ಯುತ್ತು ನಮ್ಮ ಜಾಲಕ್ಕೇ ಬರುತ್ತದೆ, ‘ಘಟಕ ದುರಸ್ತಿಗಾಗಿ ಸ್ಥಗಿತ’ ಎಂಬ ಎರಡು ಸಾಲಿನ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಅಚ್ಚಾಗುತ್ತದೆ. ಆ ಎರಡು ಸಾಲಿನ ಹಿಂದಿರುವ ಕಡತವನ್ನು ಸಾಮಾನ್ಯ ಓದುಗರು, ಹೆಚ್ಚೆಂದರೆ ಡಿಪ್ಲೊಮಾ ಮಟ್ಟದ ವಿಜ್ಞಾನ ಬಲ್ಲವರು, ಯಾವ ಕ್ರಮದಲ್ಲಿ ಓದಬೇಕೆಂಬುದನ್ನಷ್ಟೇ ಇಲ್ಲಿ ಹೇಳಲು ಹೊರಟಿದ್ದೇನೆ. ಅಣುವಿದ್ಯುತ್ತು ಬೇಕೋ ಬೇಡವೋ ಎಂಬ ಚರ್ಚೆಗೆ ಇಲ್ಲಿ ಜಾಗವಿಲ್ಲ. ಬೇಕು ಎನ್ನುವವರಿಗೂ ರಿಪೇರಿ ಸರಿಯಾಗಿರಬೇಕಷ್ಟೇ.

ರಿಪೇರಿಯೋ ಬದಲಾವಣೆಯೋ

ಕಡತ ಕೈಗೆ ಬಂದೊಡನೆ ಮೊದಲು ಹುಡುಕಬೇಕಾದದ್ದು ಹಳೆಯ ಭಾಗಕ್ಕೂ ಹೊಸ ಭಾಗಕ್ಕೂ ಇರುವ ವ್ಯತ್ಯಾಸದ ಪಟ್ಟಿಯನ್ನು. ಲೋಹ ಬದಲಾಗಿದೆಯೇ, ತೂಕ ಹೆಚ್ಚಿದೆಯೇ, ಕೊಳವೆಗಳ ಸಂಖ್ಯೆ ಬೇರೆಯೇ, ಆಧಾರ ಕೊಡುವ ವಿಧಾನ ಬೇರೆಯೇ, ಲೆಕ್ಕ ಹಾಕಿದ ಕಂಪ್ಯೂಟರ್ ವಿಧಾನ ಬೇರೆಯೇ ಎಂದು ಒಂದೊಂದನ್ನೂ ಹಾಳೆಯ ಎಡಬಲ ಬರೆದುಕೊಳ್ಳಿ. ‘ಮೂಲಕ್ಕೆ ಸಮಾನವಾದ ಬದಲಿ’ ಎಂಬ ಮಾತು ಕಡತದಲ್ಲಿ ಎಷ್ಟು ಸಲ ಬಂದರೂ, ಆ ಪಟ್ಟಿ ಉದ್ದವಾಗಿದ್ದರೆ ಪಟ್ಟಿಯನ್ನೇ ನಂಬಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಸ್ಯಾನ್ ಓನೊಫ್ರೆ ಸ್ಥಾವರದ ಕಥೆಯನ್ನು ಇದಕ್ಕಾಗಿಯೇ ಸ್ವಲ್ಪ ವಿವರವಾಗಿ ತಿಳಿದಿರಬೇಕು. ಆ ದೇಶದ ನಿಯಮದಂತೆ, ಸ್ಥಾವರದಲ್ಲಿ ಮಾಡುವ ಬದಲಾವಣೆಯು ಅಪಘಾತದ ಸಾಧ್ಯತೆಯನ್ನೋ ಅದರ ಪರಿಣಾಮವನ್ನೋ ಅತ್ಯಲ್ಪ ಮಟ್ಟವನ್ನು ಮೀರಿ ಹೆಚ್ಚಿಸುವುದಿಲ್ಲ, ಹಿಂದೆಂದೂ ಊಹಿಸದ ಹೊಸ ಬಗೆಯ ಅಪಘಾತಕ್ಕೆ ದಾರಿ ಮಾಡುವುದಿಲ್ಲ, ಪರವಾನಗಿಯ ಆಧಾರವಾದ ಲೆಕ್ಕದ ವಿಧಾನದಿಂದ ದೂರ ಸರಿಯುವುದಿಲ್ಲ ಎಂದು ಕಂಪನಿಯೇ ಬರೆದು ತೀರ್ಮಾನಿಸಿದರೆ, ಪರವಾನಗಿ ತಿದ್ದುಪಡಿಗೆ ಅರ್ಜಿ ಹಾಕದೆ ಕೆಲಸ ಮುಗಿಸಬಹುದು. ಅರ್ಜಿ ಹಾಕಬೇಕಾಗಿ ಬಂದರೆ ಮಾತ್ರ ಅದು ಸಾರ್ವಜನಿಕ ಪ್ರಕಟಣೆಗೆ, ಆಕ್ಷೇಪಣೆಗೆ, ವಿಚಾರಣೆಗೆ ತೆರೆದುಕೊಳ್ಳುತ್ತದೆ. ಸ್ಯಾನ್ ಓನೊಫ್ರೆಯ ಎರಡು ಘಟಕಗಳ ಸ್ಟೀಮ್ ಜನರೇಟರ್‌ಗಳನ್ನು, ಎಂದರೆ ರಿಯಾಕ್ಟರಿನ ಶಾಖದಿಂದ ಹಬೆ ಎಬ್ಬಿಸುವ, ಸಾವಿರಾರು ಕೊಳವೆಗಳ ದೊಡ್ಡ ಪಾತ್ರೆಗಳನ್ನು, 2011ರ ಹೊತ್ತಿಗೆ ಬದಲಿಸಲಾಯಿತು. ಹೊಸ ಜನರೇಟರ್‌ಗಳ ಮಿಶ್ರಲೋಹ ಬೇರೆ, ಒಂದೊಂದರಲ್ಲಿದ್ದ ಕೊಳವೆಗಳ ಸಂಖ್ಯೆ 9,350ರಿಂದ 9,727ಕ್ಕೆ ಏರಿತ್ತು, ಒಳಗಿನ ಆಧಾರದ ರಚನೆಯೂ ಬದಲಾಗಿತ್ತು; ಆದರೂ ಜನರೇಟರ್ ಬದಲಿಸುವ ಕೆಲಸ ಮುಖ್ಯವಾಗಿ ಅರ್ಜಿ ಹಾಕದ ದಾರಿಯಲ್ಲೇ ಸಾಗಿತು. 2012ರ ಜನವರಿ 31ರಂದು, ಹೊಸ ಜನರೇಟರ್ ಕೂರಿಸಿ ವರ್ಷ ತುಂಬುವ ಮೊದಲೇ, ಮೂರನೆಯ ಘಟಕದಲ್ಲಿ ಒಂದು ಕೊಳವೆ ಸೋರಿತು. ಪರೀಕ್ಷಿಸಿದಾಗ ಪಕ್ಕಪಕ್ಕದ ಕೊಳವೆಗಳು ನಡುಗಿ ಒಂದಕ್ಕೊಂದು ಉಜ್ಜಿ ಸವೆದಿದ್ದುದು ಕಂಡಿತು. ಒತ್ತಡದ ಪರೀಕ್ಷೆಯಲ್ಲಿ ಎಂಟು ಕೊಳವೆಗಳು ಸೋತವು. ಹಬೆಯ ವೇಗವನ್ನು ಲೆಕ್ಕದ ಕಾರ್ಯಕ್ರಮ ಕಡಿಮೆ ಅಂದಾಜಿಸಿತ್ತು. ಕಡಿಮೆ ಸಾಮರ್ಥ್ಯದಲ್ಲಿ ಒಂದು ಘಟಕವನ್ನು ಮತ್ತೆ ನಡೆಸುವ ಯೋಜನೆಯೂ ವಾಸ್ತವವಾಗಿ ಪರವಾನಗಿ ತಿದ್ದುಪಡಿಯೇ ಎಂದು 2013ರ ಮೇ ತಿಂಗಳಲ್ಲಿ ಅಲ್ಲಿನ ಪರವಾನಗಿ ಮಂಡಳಿ ತೀರ್ಪಿತ್ತಿತು. ಜೂನ್ 7ರಂದು ಕಂಪನಿ ಎರಡೂ ಘಟಕಗಳನ್ನು ಶಾಶ್ವತವಾಗಿ ಮುಚ್ಚುವುದಾಗಿ ಪ್ರಕಟಿಸಿತು.

ನಮ್ಮಲ್ಲಿ ವ್ಯವಸ್ಥೆಯ ರೂಪ ಬೇರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು 1962ರ ಪರಮಾಣು ಶಕ್ತಿ ಕಾಯ್ದೆಯ ಅಡಿಯಲ್ಲಿ 1983ರ ನವೆಂಬರ್ 15ರಂದು ಸ್ಥಾಪನೆಯಾಯಿತು. ಕಾರ್ಯಾಚರಣೆಯ ಪರವಾನಗಿಯನ್ನು ಒಮ್ಮೆಗೆ ಹೆಚ್ಚೆಂದರೆ ಐದು ವರ್ಷಕ್ಕೆ ಕೊಡುವುದು, ಹತ್ತು ವರ್ಷಕ್ಕೊಮ್ಮೆ ಇಡೀ ಸ್ಥಾವರದ ಸುರಕ್ಷತೆಯನ್ನು ಮರುಪರಿಶೀಲಿಸುವುದು ರೂಢಿಯಲ್ಲಿದೆ. ಒಂದು ಮಾರ್ಪಾಡಿನ ಪ್ರಸ್ತಾವವು ಸ್ಥಾವರದೊಳಗಿನ ಸಮಿತಿ, ಸ್ಥಾವರ ನಡೆಸುವ ಸಂಸ್ಥೆಯ ಕೇಂದ್ರ ಕಚೇರಿಯ ಸಮಿತಿ, ಮಂಡಳಿಯ ಘಟಕ ಸುರಕ್ಷತಾ ಸಮಿತಿ, ಕೊನೆಗೆ ಕಾರ್ಯನಿರತ ಸ್ಥಾವರಗಳ ಸುರಕ್ಷತಾ ಪರಿಶೀಲನಾ ಸಮಿತಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದ್ದರಿಂದ ನಮ್ಮ ಓದುಗರು ಗುರುತಿಸಬೇಕಾದದ್ದು, ಆ ರಿಪೇರಿ ಯಾವ ಮೆಟ್ಟಿಲಿನವರೆಗೆ ಹೋಯಿತು, ಎಲ್ಲಿ ನಿಂತಿತು, ಪ್ರತಿ ಮೆಟ್ಟಿಲಿನಲ್ಲೂ ಯಾವ ಷರತ್ತು ಸೇರಿತು ಎಂಬುದನ್ನು. ಮಂಡಳಿಯ ವಾರ್ಷಿಕ ವರದಿಯಲ್ಲಿ ಸ್ಥಾವರಗಳ ಸುರಕ್ಷತೆಯ ಅಧ್ಯಾಯವಿರುತ್ತದೆ. ಮೊದಲು ಅದನ್ನು ಓದಿ, ಪತ್ರಿಕಾ ಹೇಳಿಕೆಯನ್ನು ಆಮೇಲೆ ಓದುವುದು ಒಳ್ಳೆಯದು, ಏಕೆಂದರೆ ಹೇಳಿಕೆಗಳನ್ನು ಬರೆಯುವುದು ಆತಂಕ ತಗ್ಗಿಸಲು, ವರದಿಯನ್ನು ಬರೆಯುವುದು ದಾಖಲೆಗೆ.

ಕಾರಣ ಸಿಕ್ಕಿತ್ತೇ

ಸೋರಿದ ಕೊಳವೆಯನ್ನು ಬದಲಿಸುವುದು ಸುಲಭ. ಅದು ಏಕೆ ಸೋರಿತು ಎಂಬುದಕ್ಕೆ ಉತ್ತರವಿಲ್ಲದೆ ಬದಲಿಸಿದರೆ ಹೊಸ ಕೊಳವೆಯೂ ಅದೇ ಹಾದಿ ಹಿಡಿಯಬಹುದು. ಗುಜರಾತಿನ ಕಾಕ್ರಾಪಾರದ ಮೊದಲನೆಯ ಘಟಕದಲ್ಲಿ 2016ರ ಮಾರ್ಚ್ 11ರಂದು ಶೀತಕ ವಾಹಿನಿಯೊಂದು (ಇಂಧನವನ್ನು ತಣಿಸುವ ಭಾರಜಲ ಹರಿಯುವ ಕೊಳವೆ) ಸೋರಿ ಸ್ಥಾವರದೊಳಗೆ ತುರ್ತುಸ್ಥಿತಿ ಘೋಷಣೆಯಾಯಿತು. ಅವು ಕೆಲವೇ ವರ್ಷಗಳ ಹಿಂದೆ ಹೊಸದಾಗಿ ಹಾಕಿದ್ದ ಕೊಳವೆಗಳು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. 220 ಮೆಗಾವ್ಯಾಟಿನ ಭಾರಜಲ ರಿಯಾಕ್ಟರಿನಲ್ಲಿ ಇಂಥ ವಾಹಿನಿಗಳು 306 ಇರುತ್ತವೆ; ಪ್ರತಿಯೊಂದರ ಹೊರಗೆ ಇನ್ನೊಂದು ಕೊಳವೆಯಿದ್ದು, ನಡುವಿನ ಸಂದಿಯಲ್ಲಿ ಇಂಗಾಲದ ಡೈಆಕ್ಸೈಡ್ ಹರಿಯುತ್ತದೆ. ತನಿಖೆಯಲ್ಲಿ ಒಳಕೊಳವೆಯ ಹೊರಮೈ ಮೇಲೆ ಚುಕ್ಕೆ ಚುಕ್ಕೆಯಾಗಿ ಸವಕಳಿ ಕಂಡಿತು, ಆ ಅನಿಲದಲ್ಲಿ ಬೆರೆತಿದ್ದ ಕಲ್ಮಶದತ್ತ ಬೆರಳು ಹೋಯಿತು. ಎಂದರೆ ರಿಪೇರಿಯ ನಿಜವಾದ ಭಾಗ ಕೊಳವೆಯಷ್ಟೇ ಅಲ್ಲ, ಅನಿಲದ ಶುದ್ಧತೆ ಕೂಡ. ಆ ಘಟಕ ಮತ್ತೆ ಚಾಲೂ ಆದದ್ದು 2019ರಲ್ಲಿ. ಇಂಥ ಕಡತದಲ್ಲಿ ಓದುಗರು ಕೇಳಬೇಕಾದದ್ದು: ಕಂಡ ಕಾರಣ ಇತರ ಸ್ಥಾವರಗಳಲ್ಲೂ ಇರಬಹುದೇ ಎಂದು ನೋಡಿದರೇ, ಕೈಗಾದಲ್ಲಿಯೂ ನೋಡಿದರೇ?

ಕಾರಣ ಯಾವಾಗಲೂ ಲೋಹದಲ್ಲೇ ಇರುವುದಿಲ್ಲ. ಅಮೆರಿಕದ ಒಹಾಯೋದ ಡೇವಿಸ್ ಬೆಸ್ಸೆಯಲ್ಲಿ 2002ರ ಮಾರ್ಚ್‌ನಲ್ಲಿ ರಿಯಾಕ್ಟರ್ ಪಾತ್ರೆಯ ಮುಚ್ಚಳವನ್ನು ಶೀತಕ ನೀರಿನಲ್ಲಿ ಬೆರೆತಿದ್ದ ಬೋರಿಕ್ ಆಮ್ಲ ಕೊರೆದು, ಒಳಪದರದ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಸ್ಟೇನ್‌ಲೆಸ್ ಉಕ್ಕು ಮಾತ್ರ ಉಳಿದಿದ್ದುದು ಪತ್ತೆಯಾಯಿತು. ಅದಕ್ಕೆ ಎಷ್ಟೋ ಮೊದಲೇ ಗಾಳಿಯ ಫಿಲ್ಟರ್‌ಗಳು ತುಕ್ಕಿನ ಪುಡಿಯಿಂದ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದವು. ಫಿಲ್ಟರ್ ಬದಲಿಸಲಾಗುತ್ತಿತ್ತು, ತುಕ್ಕು ಎಲ್ಲಿಂದ ಬರುತ್ತಿದೆಯೆಂದು ಕೊನೆಮುಟ್ಟ ಹುಡುಕಿರಲಿಲ್ಲ. ಮುಚ್ಚಳ ಬದಲಿಸಿದ ಮೇಲೂ 2004ರ ಮಾರ್ಚ್‌ವರೆಗೆ ಮರುಚಾಲನೆಗೆ ಒಪ್ಪಿಗೆ ಸಿಗಲಿಲ್ಲ, ಏಕೆಂದರೆ ನಿಯಂತ್ರಕರು ಮುಚ್ಚಳದ ಜೊತೆಗೆ ಸಂಸ್ಥೆಯ ಕೆಲಸದ ರೀತಿಯನ್ನೂ ಪರಿಶೀಲಿಸಿದರು. ಆದ್ದರಿಂದ ರಿಪೇರಿ ಕಡತದಲ್ಲಿ ಹಿಂದಿನ ಐದಾರು ವರ್ಷಗಳ ಸಣ್ಣಪುಟ್ಟ ದೂರುಗಳ ಪುಟವಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ದಾರಿ ಮಾಡಲು ಒಡೆದದ್ದು

ದೊಡ್ಡ ಭಾಗವನ್ನು ಹೊರತರಲು ಗೋಡೆಯನ್ನೇ ಕತ್ತರಿಸಬೇಕಾಗಬಹುದು. ಫ್ಲಾರಿಡಾದ ಕ್ರಿಸ್ಟಲ್ ರಿವರ್‌ನಲ್ಲಿ 2009ರಲ್ಲಿ ಸ್ಟೀಮ್ ಜನರೇಟರ್ ಬದಲಿಸಲು ರಕ್ಷಣಾ ಕಟ್ಟಡದ ಒಂದು ಮೀಟರಿಗೂ ಮೀರಿದ ದಪ್ಪದ ಗೋಡೆಯಲ್ಲಿ ಕಿಂಡಿ ತೆರೆಯುವಾಗ ಒಳಗೆ ಕಾಂಕ್ರೀಟು ಪದರವಾಗಿ ಬಿಟ್ಟುಕೊಂಡದ್ದು ಕಂಡಿತು. ಅದನ್ನು ಸರಿಪಡಿಸಿ ಗೋಡೆಯೊಳಗಿನ ಉಕ್ಕಿನ ಹುರಿಗಳನ್ನು ಮತ್ತೆ ಬಿಗಿಯುವಾಗ 2011ರ ಮಾರ್ಚ್‌ನಲ್ಲಿ ಗೋಡೆ ಇನ್ನೊಂದು ಕಡೆ ಬಿರಿಯಿತು. 2013ರ ಫೆಬ್ರವರಿಯಲ್ಲಿ ಸ್ಥಾವರವನ್ನೇ ಕೈಬಿಟ್ಟರು. ನಮ್ಮ ಕೈಗಾದಲ್ಲೂ, ಆಗಿನ್ನೂ ನಿರ್ಮಾಣ ಹಂತದಲ್ಲಿದ್ದಾಗ, 1994ರ ಮೇ 13ರಂದು ಒಳಗುಮ್ಮಟದ ಕಾಂಕ್ರೀಟು ಪದರ ಬಿಟ್ಟು ಕಳಚಿ ಬಿದ್ದಿತ್ತು, ಗುಮ್ಮಟದ ವಿನ್ಯಾಸವನ್ನು ಪರಿಷ್ಕರಿಸಿ ಮತ್ತೆ ಕಟ್ಟಬೇಕಾಯಿತು. ರಿಪೇರಿಗಾಗಿ ಕಟ್ಟಡದ ಯಾವ ಭಾಗಕ್ಕೆ ಕೈ ಹಾಕುತ್ತಾರೆ, ಮುಚ್ಚಿದ ಮೇಲೆ ಸೋರಿಕೆಯ ಒತ್ತಡ ಪರೀಕ್ಷೆ ಇದೆಯೇ ಎಂಬ ಎರಡು ಸಾಲುಗಳನ್ನು ಹುಡುಕಿ ಗುರುತು ಹಾಕಿಕೊಂಡರೆ ಸಾಕು.

ಪರಿಸರದ ಪುಟಗಳು

ಪರಿಸರ ಪರಿಶೀಲನೆಯೆಂದರೆ ಮೀನು, ನದಿ, ಕಾಡು ಎಂದು ನಾವು ತಿಳಿಯುತ್ತೇವೆ. ರಿಪೇರಿಯ ಮಟ್ಟಿಗೆ ಅದರ ಮೊದಲ ಪುಟ ಕಾರ್ಮಿಕರ ಮೈಗೆ ತಗಲುವ ವಿಕಿರಣದ್ದು. ವರ್ಜೀನಿಯಾದ ಸರ್ರಿ ಸ್ಥಾವರದಲ್ಲಿ 1979ರಿಂದ ಸ್ಟೀಮ್ ಜನರೇಟರ್‌ಗಳನ್ನು ಬದಲಿಸಿದ ಕೆಲಸಕ್ಕೆ ಅಮೆರಿಕದ ನಿಯಂತ್ರಣ ಆಯೋಗ ಪ್ರತ್ಯೇಕ ಪರಿಸರ ಹೇಳಿಕೆಯನ್ನೇ ಸಿದ್ಧಪಡಿಸಿತ್ತು, ಅದರಲ್ಲಿ ಪ್ರಮುಖ ಪರಿಣಾಮವಾಗಿ ಎಣಿಸಿದ್ದು ಕೆಲಸಗಾರರ ಒಟ್ಟು ಡೋಸನ್ನು, ಎಂದರೆ ಅವರೆಲ್ಲರ ಮೈಗೆ ತಗಲಿದ ವಿಕಿರಣದ ಮೊತ್ತವನ್ನು. ಈ ‘ಒಟ್ಟು’ ಎಂಬ ಪದವನ್ನು ಕಣ್ಣಿಟ್ಟು ಓದಬೇಕು. ಇಪ್ಪತ್ತು ಜನ ತಲಾ 10 ಮಿಲಿಸೀವರ್ಟ್ (ಡೋಸಿನ ಅಳತೆಯ ಮಾನ) ಪಡೆದರೂ, ನೂರು ಜನ ತಲಾ 2 ಮಿಲಿಸೀವರ್ಟ್ ಪಡೆದರೂ ಒಟ್ಟು ಒಂದೇ. ಆದರೆ ಎರಡನೆಯದರಲ್ಲಿ ‘ಯಾರೂ ಮಿತಿಯ ಹತ್ತಿರ ಹೋಗಲಿಲ್ಲ’ ಎಂದು ಬರೆಯುವುದು ಸುಲಭ. ಭಾರತದಲ್ಲಿ ವಿಕಿರಣ ಕೆಲಸಗಾರರ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಸಾರ್ವಜನಿಕರಿಗೆ ವರ್ಷಕ್ಕೆ 1. ವರದಿಯಲ್ಲಿ ಗರಿಷ್ಠ ವೈಯಕ್ತಿಕ ಡೋಸ್, ಒಟ್ಟು ಡೋಸ್, ಅಂದಾಜಿಸಿದ್ದ ಡೋಸ್ ಮೂರೂ ಇದ್ದರೆ ಬರೆದವರು ಪ್ರಾಮಾಣಿಕರು ಎಂದೇ ನನ್ನ ಎಣಿಕೆ. ಗುತ್ತಿಗೆ ಕಾರ್ಮಿಕರ ಲೆಕ್ಕ ಬೇರೆಯಾಗಿ ಇದೆಯೇ ಎಂದೂ ನೋಡಿ.

ಭಾರಜಲ ಸ್ಥಾವರಗಳಲ್ಲಿ ರಿಪೇರಿಗೆಂದು ವ್ಯವಸ್ಥೆಯನ್ನು ತೆರೆದಾಗ ಟ್ರಿಷಿಯಂ (ವಿಕಿರಣ ಸೂಸುವ ಜಲಜನಕ) ಬೆರೆತ ಆವಿ ಗಾಳಿಗೆ ಸೇರುತ್ತದೆ; ಅದು ನೀರಿನಂತೆಯೇ ಮೈಯೊಳಗೆ ಹೋಗುವುದರಿಂದ ಮೂತ್ರದ ಮಾದರಿಯಲ್ಲಿ ಅಳೆಯುತ್ತಾರೆ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಷಿಯಂಯುಕ್ತ ಭಾರಜಲ ಬೆರೆಸಿದ್ದು ರಿಪೇರಿಗೆ ಸಂಬಂಧಿಸಿದ ಘಟನೆಯಲ್ಲವಾದರೂ, ಅದು ಬಯಲಾದದ್ದು ಈ ಮೂತ್ರ ಪರೀಕ್ಷೆಯಿಂದಲೇ.

ಆಮೇಲೆ ತೆಗೆದ ಹಳೆಯ ಭಾಗದ ಗತಿ. ಚಿಕ್ಕಮಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು, ಲಕ್ಯಾ ಅಣೆಕಟ್ಟಿನ ಹಿಂದಿನ ಗಣಿಯ ಹೂಳು ಹಾಗೆಯೇ ಇದೆ. ಅಣುಸ್ಥಾವರದಿಂದ ತೆಗೆದ ಲೋಹದಲ್ಲಿರುವ ವಿಕಿರಣ ಸೂಸುವ ಕೋಬಾಲ್ಟ್-60ರ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಬೇಕಾದ ಕಾಲ) ಸುಮಾರು 5.3 ವರ್ಷ, ಟ್ರಿಷಿಯಂನದು 12.3 ವರ್ಷ, ಕೋಬಾಲ್ಟಿನ ಪ್ರಮಾಣ ಸಾವಿರದ ಒಂದು ಪಾಲಿಗೆ ಇಳಿಯಲು ಐವತ್ತಕ್ಕೂ ಹೆಚ್ಚು ವರ್ಷ ಬೇಕು. ಹಾಗಾಗಿ ‘ಸ್ಥಾವರದ ಆವರಣದಲ್ಲೇ ಸಂಗ್ರಹ’ ಎಂಬ ಸಾಲಿನ ಪಕ್ಕದಲ್ಲಿ ಎಷ್ಟು ವರ್ಷ, ಎಷ್ಟು ಜಾಗ, ಮಳೆನೀರು ಎತ್ತ ಹರಿಯುತ್ತದೆ ಎಂಬ ಉತ್ತರಗಳು ಇರಬೇಕು. ಮಲೆನಾಡಿನ ಮಳೆಯಲ್ಲಿ ಕೊನೆಯದೇ ದೊಡ್ಡ ಪ್ರಶ್ನೆ.

ಕಾನೂನಿನ ಕಡೆಯಿಂದ ಒಂದು ಎಚ್ಚರಿಕೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಅಣುವಿದ್ಯುತ್ ಯೋಜನೆಗಳು ‘ಎ’ ವರ್ಗಕ್ಕೆ ಸೇರುತ್ತವೆ; ಹೊಸ ಯೋಜನೆ, ವಿಸ್ತರಣೆಗಳಿಗೆ ಸಾರ್ವಜನಿಕ ಆಲಿಕೆ ಉಂಟು. ತಲಾ 700 ಮೆಗಾವ್ಯಾಟಿನ ಕೈಗಾ 5 ಮತ್ತು 6ನೇ ಘಟಕಗಳಿಗೆ 2018ರ ಡಿಸೆಂಬರಿನಲ್ಲಿ ಅಂಥ ಆಲಿಕೆ ನಡೆಯಿತು. ಸಾಮರ್ಥ್ಯ ಹೆಚ್ಚಿಸದ ರಿಪೇರಿಗೆ ಆ ವೇದಿಕೆ ಸಿಗುವುದಿಲ್ಲ. ಆದ್ದರಿಂದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಆಲಿಕೆಗಾಗಿ ಮನವಿ ಹಿಡಿದು ನಿಲ್ಲುವುದಕ್ಕಿಂತ ನೇರವಾಗಿ ಕಾಗದ ಕೇಳುವುದು ಮೇಲು.

ಕಾಗದ ಕೇಳುವ ಕ್ರಮ

ಮಾಹಿತಿ ಹಕ್ಕು ಕಾಯ್ದೆ 2005ರ ಆರನೆಯ ಕಲಮಿನಂತೆ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು. ಹಾಸನದಿಂದ ಮುಂಬೈಯ ಮಂಡಳಿಗೆ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ, ಉತ್ತರಕ್ಕೆ 30 ದಿನ. ‘ಸ್ಥಾವರ ಸುರಕ್ಷಿತವೇ’ ಎಂದು ಕೇಳಿದರೆ ‘ಹೌದು’ ಎಂಬ ಒಂದು ಪದ ಬರುತ್ತದೆ, ಇಲ್ಲವೇ ಅಭಿಪ್ರಾಯ ಮಾಹಿತಿಯಲ್ಲ ಎಂಬ ನಿರಾಕರಣೆ ಬರುತ್ತದೆ. ಬದಲಿಗೆ ಹೀಗೆ ಬರೆಯಿರಿ: ‘ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ಇಂಥ ಘಟಕದಲ್ಲಿ ನಡೆದ ದುರಸ್ತಿಯ ನಂತರ ಮರುಚಾಲನೆಗೆ ಒಪ್ಪಿಗೆ ನೀಡಿದ ಪತ್ರದ ಪ್ರತಿ, ಅದರಲ್ಲಿನ ಷರತ್ತುಗಳು, ಪ್ರತಿ ಷರತ್ತನ್ನು ಪೂರೈಸಿದ ದಿನಾಂಕ, ಅಂದಾಜಿಸಿದ್ದ ಮತ್ತು ವಾಸ್ತವದ ಒಟ್ಟು ಡೋಸ್, ತೆಗೆದ ಭಾಗಗಳ ಸಂಗ್ರಹದ ವಿವರ ಒದಗಿಸಿ.’ ಭದ್ರತೆ ಅಥವಾ ವ್ಯಾಪಾರ ರಹಸ್ಯದ ಕಾರಣ ಕೊಟ್ಟು ಎಂಟನೆಯ ಕಲಮಿನಡಿ ನಿರಾಕರಿಸಿದರೆ, ಹತ್ತನೆಯ ಕಲಮನ್ನು ಉಲ್ಲೇಖಿಸಿ ಗುಟ್ಟಿನ ಭಾಗಕ್ಕೆ ಮಸಿ ಬಳಿದು ಉಳಿದದ್ದನ್ನು ಕೊಡುವಂತೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅಂಚೆ ರಸೀದಿಯನ್ನು ಅರ್ಜಿಯ ಪ್ರತಿಗೆ ಪಿನ್ ಮಾಡಿ ಇಟ್ಟುಕೊಳ್ಳಿ. ದಿನ ಎಣಿಸುವಾಗ ಬೇಕಾಗುತ್ತದೆ.