ಕವಳಿ ಮಟ್ಟಿಯ ಹೆಸರಿನ ಮೂಲ ಹುಡುಕುವ ಬಗೆ

ಶಿರಸಿಯ ಸೊಪ್ಪಿನ ಬೆಟ್ಟಗಳಲ್ಲಿ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡುಗಳಲ್ಲಿ) ‘ಕವಳಿ’ ಎನಿಸಿಕೊಳ್ಳುವ ಮುಳ್ಳುಗಿಡಕ್ಕೆ ಕಾರವಾರದ ಕಡೆಯ ಕೊಂಕಣಿ, ಮರಾಠಿ ಮನೆಗಳಲ್ಲಿ ಬೇರೆ ಹೆಸರಿರುವುದರಿಂದ, ಹೆಸರು ಬರೆದುಕೊಳ್ಳುವ ಮೊದಲು ಗಿಡವನ್ನೇ ಖಚಿತಪಡಿಸಿಕೊಳ್ಳಬೇಕು. ಎಲೆಗಳು ಎದುರುಬದುರಾಗಿರುತ್ತವೆ, ಕಿತ್ತರೆ ಬಿಳಿ ಹಾಲು ಒಸರುತ್ತದೆ, ಹೂವು ಮಲ್ಲಿಗೆಯಂತೆ ಬೆಳ್ಳಗಿರುತ್ತದೆ, ಹಣ್ಣು ಮಾಗಿದಾಗ ಕಪ್ಪಾಗುತ್ತದೆ. ಬೋರೆಯ ಜಾತಿಯ ಮುಳ್ಳುಗಿಡಗಳಲ್ಲಿ ಈ ಹಾಲು ಇರುವುದಿಲ್ಲ.

ಹಿರಿಯರನ್ನು ಕೇಳುವಾಗ ನಾವೇ ಹೆಸರು ಹೇಳಿಕೊಡದೆ ಟೊಂಗೆಯನ್ನು ತೋರಿಸಿ ಕೇಳಬೇಕು. ಅವರು ‘ಕೌಳಿ’ ಎಂದು ಹೇಳಿದರೆ ‘ಕೌಳಿ’ ಎಂದೇ ಬರೆಯಬೇಕು. ತಿದ್ದಿ ಬರೆದ ಹೆಸರಿನಿಂದ ಮುಂದೆ ಏನನ್ನೂ ಹುಡುಕಲಾಗದು.

ಬಳಿಕ ಸೋದರ ಭಾಷೆಗಳ ಹೆಸರುಗಳನ್ನು ಪಕ್ಕಪಕ್ಕ ಇಡಬೇಕು. ತಮಿಳಿನ ‘ಕಳಾ’, ಮಲಯಾಳದ ‘ಕಳಾವು’, ತೆಲುಗಿನ ‘ಕಲಿವಿ’ಗಳ ಜೊತೆ ನಮ್ಮ ‘ಕವಳಿ’ಯನ್ನು ಓದಿದರೆ, ಇಲ್ಲಿ ಳಕಾರ ವಕಾರಗಳು ಸ್ಥಾನ ಬದಲಿಸಿಕೊಂಡಿವೆ ಎಂದು ಕಾಣುತ್ತದೆ, ನಾಲ್ಕೂ ಒಂದೇ ಬೇರಿನವೆಂದು ನಾನು ನಂಬುತ್ತೇನೆ. (ಈ ಪೊದೆಗಳ ನಡುವೆ ಬದುಕುವ ಅಪರೂಪದ ಹಕ್ಕಿಯೊಂದನ್ನು ತೆಲುಗರು ‘ಕಲಿವಿಕೋಡಿ’ ಎಂದು ಕರೆದಿರುವುದು ಎಷ್ಟು ಚೆಂದ!)

ಮರಾಠಿಯ ‘ಕರವಂದ’ದ ದಾರಿಯೇ ಬೇರೆ. ಅಮರಕೋಶದಲ್ಲಿ ಈ ಗಿಡ ‘ಕರಮರ್ದಕ’; ಕರವನ್ನು ಮರ್ದಿಸುವುದು, ಅಂದರೆ ಕೈಯನ್ನು ನೋಯಿಸುವುದು ಎಂದು ಅದನ್ನು ಬಿಡಿಸಬಹುದು. ಅಲ್ಲಿಯೇ ಇರುವ ‘ಕೃಷ್ಣಪಾಕಫಲ’ ಎಂಬ ಹೆಸರು ಕಪ್ಪಾಗಿ ಮಾಗುವ ಹಣ್ಣನ್ನು ಹೇಳುತ್ತದೆ. ‘ಕರಮರ್ದ’ದ ಮಕಾರ ‘ಕರವಂದ’ದಲ್ಲಿ ವಕಾರವಾದದ್ದು ಆಕಸ್ಮಿಕವಲ್ಲ: ‘ಗ್ರಾಮ’ ‘ಗಾಂವ’ ಆದದ್ದೂ, ‘ನಾಮ’ ‘ನಾಂವ’ ಆದದ್ದೂ ಇದೇ ರೀತಿಯಲ್ಲಿ. ಒಂದು ಧ್ವನಿ ಬದಲಾಗಿದೆ ಎನ್ನುವ ಮೊದಲು ಹೀಗೆ ಇನ್ನೆರಡು ಮಾತುಗಳಲ್ಲಾದರೂ ಅದೇ ಬದಲಾವಣೆಯನ್ನು ತೋರಿಸಬೇಕು. ಗೋವೆಯ ಕೊಂಕಣಿಯ ‘ಕಾಂಟಾಂ’ಗೆ ಇಷ್ಟು ಹುಡುಕಾಟ ಬೇಡ, ಅದು ಮುಳ್ಳು ಎಂಬ ಮಾತೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ವಿಶೇಷವಾಗಿ ಎಚ್ಚರದಿಂದಿರಬೇಕಾದದ್ದು ‘ಕವಳ’ದ ವಿಷಯದಲ್ಲಿ. ಊಟವಾದ ಮೇಲೆ ಹಾಕುವ ಎಲೆ ಅಡಿಕೆಯ ಕವಳ ‘ತುತ್ತು’ ಎಂಬ ಅರ್ಥದ ಸಂಸ್ಕೃತ ಶಬ್ದದಿಂದ ಬಂದದ್ದು. ಉಲಿಯ ಹೋಲಿಕೆಯೊಂದನ್ನೇ ನೆಚ್ಚಿ ಅದನ್ನು ಕವಳಿಗೆ ಕಟ್ಟಬಾರದು.

ಕೊನೆಗೆ ಶಾಸ್ತ್ರೀಯ ಹೆಸರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1767ರಲ್ಲಿ ಪ್ರಕಟಿಸಿದ ‘ಕ್ಯಾರಿಸ್ಸಾ ಕರಂಡಾಸ್’ ಎಂಬುದರ ಎರಡನೆಯ ಪದವೇ ಈ ಕಡೆಯ ಜನರ ಮಾತಿನಿಂದ ಹೋದದ್ದಾದ್ದರಿಂದ, ಅದನ್ನು ‘ಕರಂಡೆ’ಯಂಥ ನಾಡಹೆಸರುಗಳ ಮೂಲವೆಂದು ಬರೆಯಬಾರದು.