ಸೊನ್ನೆ ಬೇರೆ, ಖಾಲಿ ಬೇರೆ

ಶಿರಸಿ ಕಡೆಯ ಬೆಟ್ಟದಲ್ಲಿ ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವ 20 ಕ್ಯಾಮೆರಾ ಕಟ್ಟಿ 42 ರಾತ್ರಿ ಬಿಟ್ಟಿದ್ದೆವು. ಪುನುಗು ಬೆಕ್ಕು ಸಿಕ್ಕಿದ್ದು ಬರೀ 9 ಸಲ. ಕ್ಯಾಮೆರಾಕ್ಕೊಂದು ಸಾಲು, ದಿನಕ್ಕೊಂದು ಕಾಲಂ ಮಾಡಿ, ಬೆಕ್ಕು ಕಂಡರೆ 1, ಕಾಣದಿದ್ದರೆ 0 ಹಾಕಿದರೆ ಹಾಳೆ ತುಂಬಾ ಸೊನ್ನೆ. ಆಕ್ಯುಪೆನ್ಸಿ ಮಾಡೆಲ್ (ಪ್ರಾಣಿ ಇದ್ದೂ ಕಾಣದೇ ಹೋಗುವ ಸಾಧ್ಯತೆ ಸೇರಿಸಿ, ಅದು ಎಷ್ಟು ಜಾಗದಲ್ಲಿದೆ ಅಂತ ಅಂದಾಜು ಮಾಡುವ ಲೆಕ್ಕ) ಕನ್ವರ್ಜ್ ಆಗಲೇ ಇಲ್ಲ, ಅಂದರೆ ಒಂದು ಉತ್ತರಕ್ಕೆ ಬಂದು ನಿಲ್ಲಲಿಲ್ಲ. 7 ದಿನಕ್ಕೊಂದು ಕಾಲಂ ಮಾಡಿದೆ, ಆ ವಾರ ಒಂದು ಸಲ ಕಂಡರೂ 1, ಹತ್ತು ಸಲ ಕಂಡರೂ 1. ಆದರೂ ಸರಿಹೋಗಲಿಲ್ಲ.

ತಪ್ಪು ನನ್ನದೇ. ಒಂದು ಕ್ಯಾಮೆರಾದ ಬ್ಯಾಟರಿ ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿತ್ತು, ಇನ್ನೆರಡು ಮಳೆಗೆ ಕೆಟ್ಟಿದ್ದವು, ಆ ದಿನಗಳಿಗೂ ಸುಮ್ನೆ 0 ಹಾಕಿದ್ದೆ. ಕ್ಯಾಮೆರಾನೇ ನಡೆಯದಿದ್ದಾಗ ಬೆಕ್ಕು ಬರಲಿಲ್ಲ ಅನ್ನೋದು ಹೇಗೆ, ಅಲ್ವಾ? ವಾರಪೂರ್ತಿ ಕೆಟ್ಟಿದ್ದಲ್ಲಿ ಎನ್‌ಎ, ಅಂದರೆ ಮಾಹಿತಿಯೇ ಇಲ್ಲದ ಖಾಲಿ ಮನೆ ಅಂತ ಹಾಕಿದೆ. ಅರ್ಧ ವಾರ ನಡೆದಿದ್ದರೆ, ನಡೆದ ದಿನಗಳ ಲೆಕ್ಕವನ್ನು ಡಿಟೆಕ್ಷನ್ ಕೋವೇರಿಯೇಟ್ (ಬೆಕ್ಕು ಕಾಣುವ ಸಾಧ್ಯತೆಯನ್ನು ಹೆಚ್ಚುಕಮ್ಮಿ ಮಾಡುವ ಅಂಶ) ಆಗಿ ಕೊಟ್ಟೆ.

ಮಾಡೆಲ್ ಓಡಿತು. ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜಿನ ಅನಿಶ್ಚಿತತೆ ಮಾತ್ರ ಇನ್ನೂ ಜಾಸ್ತಿಯೇ, ಫೋಟೋ ಇರೋದೇ 9.