ಇಲಿ ನೆನಪಿತ್ತು, ಬಡ್ಡಿ ಮರೆತಿತ್ತು

ಅಮೆರಿಕದ ಲೇಖಕ ಅಪ್ಟನ್ ಸಿಂಕ್ಲೇರ್ ಅವರ ಕಾದಂಬರಿ ‘ದಿ ಜಂಗಲ್’ ಮೊದಲ ಸಲ ಓದಿದಾಗ ನನ್ನ ತಲೆಯಲ್ಲಿ ಉಳಿದದ್ದು ಇಲಿ. ಶಿಕಾಗೋದ ಮಾಂಸದ ಕಾರ್ಖಾನೆಯಲ್ಲಿ ಸತ್ತ ಇಲಿ, ಅದಕ್ಕಿಟ್ಟ ವಿಷದ ಬ್ರೆಡ್ಡು, ಎಲ್ಲ ಸೇರಿ ಸಾಸೇಜ್ ಆಗುವ ಪುಟ. ಕೊನೆಯ ನಾಲ್ಕು ಅಧ್ಯಾಯ ಬರೀ ಭಾಷಣ ಅಂತ ಹಾರಿಸಿದ್ದೆ. ಸ್ನೇಹಿತರ ಓದುಕೂಟದಲ್ಲಿ ‘ಆಹಾರ ಕಲಬೆರಕೆ ಬಗ್ಗೆ ಒಳ್ಳೆಯ ಕಾದಂಬರಿ’ ಅಂತ ಮಾತಾಡಿಯೂ ಬಂದೆ. ನೆನೆದರೆ ಈಗಲೂ ನಾಚಿಕೆ.

ಎರಡನೇ ಸಲ ಎರಡು ಪೆನ್ಸಿಲ್ ಹಿಡಿದು ಕೂತೆ. ಮಾಂಸದ ಮಾತಿಗೆ ಕೆಂಪು, ದುಡ್ಡಿನ ಮಾತಿಗೆ ನೀಲಿ. ಕೆಂಪು ಅಲ್ಲೊಂದು ಇಲ್ಲೊಂದು ಕಡೆ ಬಿತ್ತು. ನೀಲಿ ಪೆನ್ಸಿಲ್ ಮಾತ್ರ ಸವೆದೇ ಹೋಯಿತು. ಮೊದಲ ಅಧ್ಯಾಯದ ಮದುವೆಯೂ ಸಾಲದಲ್ಲೇ ಮುಗಿಯುತ್ತದೆ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಮನೆಯ ವಿಷಯ. ಲಿಥುವೇನಿಯಾದಿಂದ ಬಂದ ಕಥಾನಾಯಕ ಯುರ್ಗಿಸ್‌ನ ಕುಟುಂಬ 1500 ಡಾಲರಿನ ಮನೆ ಕೊಳ್ಳುತ್ತದೆ. ಮುಂಗಡ 300, ತಿಂಗಳಿಗೆ 12. ಭಯವಾಗಿ ಇಬ್ಬರು ವಕೀಲರಿಗೆ ಕರಾರು ಪತ್ರ ತೋರಿಸುತ್ತಾರೆ. ಇಬ್ಬರೂ ಎಲ್ಲ ಸರಿಯಿದೆ ಅನ್ನುತ್ತಾರೆ. ಆಮೇಲೆ ನೆರೆಮನೆಯ ಅಜ್ಜಿ ಮಾತಿನ ನಡುವೆ ಸುಮ್ನೆ ಹೇಳುತ್ತಾಳೆ, ಕಂತಿನ ಮೇಲೆ ಬಡ್ಡಿ ಬೇರೆ ಇದೆ ಅಂತ. ಪತ್ರ ತೆಗೆದು ನೋಡಿದರೆ ವರ್ಷಕ್ಕೆ ಶೇಕಡಾ 7, ಅಲ್ಲೇ ಬರೆದಿದೆ. ಇಲಿ ಬಿದ್ದದ್ದು ತಪ್ಪು ಅಂತ ಯಾರು ಬೇಕಾದರೂ ಹೇಳಬಹುದು. ಇದು ಕಾನೂನಿನ ಪ್ರಕಾರ ಸರಿಯಾಗೇ ಇತ್ತಲ್ವಾ? ಲೇಖಕರ ಸಿಟ್ಟು ಇದ್ದದ್ದೇ ಅಲ್ಲಿ.

ನನ್ನಂಥವರು ಆಗಲೂ ಬೇಕಾದಷ್ಟಿದ್ದರು. ಪುಸ್ತಕ ಬಂದ 1906ರಲ್ಲೇ ಅಮೆರಿಕದಲ್ಲಿ ಮಾಂಸ ತಪಾಸಣೆಯ ಕಾಯ್ದೆ, ಶುದ್ಧ ಆಹಾರದ ಕಾಯ್ದೆ ಎರಡೂ ಬಂದವು. ಮಾಂಸ ಕಡಿಯುವವರ ಕೂಲಿ, ದುಡಿಮೆಯ ಹೊತ್ತು, ಇವುಗಳ ಬಗ್ಗೆ ಅವುಗಳಲ್ಲಿ ಏನೂ ಇರಲಿಲ್ಲ. ಜನರ ಎದೆಗೆ ಗುರಿಯಿಟ್ಟೆ, ಹೊಟ್ಟೆಗೆ ತಾಗಿತು ಅಂತ ಸಿಂಕ್ಲೇರ್ ಅವರೇ ಹೇಳಿಕೊಂಡಿದ್ದಾರೆ.

ತಪ್ಪು ಪೂರ್ತಿ ಓದುಗರದ್ದೇನಲ್ಲ ಬಿಡಿ. ಹಾರಿಸಿದ್ದ ಆ ನಾಲ್ಕು ಅಧ್ಯಾಯ ಈ ಸಲ ಓದಿದೆ. ಸಮಾಜವಾದದ ಭಾಷಣದ ನಡುವೆ ಯುರ್ಗಿಸ್ ಎಲ್ಲೋ ಕಳೆದೇ ಹೋಗುತ್ತಾನೆ. ಆಕಳಿಕೆ ಬಂದದ್ದು ನಿಜ.

ಮತ್ತೆ ಓದುಕೂಟಕ್ಕೆ ಹೋದಾಗ ಮನೆ ಕೊಳ್ಳುವ ಭಾಗವನ್ನಷ್ಟೇ ಗಟ್ಟಿಯಾಗಿ ಓದಿದೆ. “ಮೋಸ ಮಾಡಿದ್ದು ಮನೆ ಮಾರಿದ ಏಜೆಂಟ್” ಅಂದರು ಒಬ್ಬರು. “ಏಜೆಂಟನ್ನ ಬದಲಾಯಿಸಿದ್ರೆ ಬಡ್ಡಿ ಹೋಗ್ತಿತ್ತಾ?” ಅಂದರು ಇನ್ನೊಬ್ಬರು. ಚರ್ಚೆ ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಆ ಸಂಜೆ ಇಲಿಯ ಮಾತು ಬರಲೇ ಇಲ್ಲ.